ಡೈವ್ ಕಂಪ್ಯೂಟರ್‌ಗೆ ಬ್ಯಾಟರಿ ಕೂರಿಸುವುದು ಹೇಗೆ: ಸೆಲ್ ಆಯ್ಕೆಯಿಂದ ಓ-ರಿಂಗ್‌ವರೆಗೆ

ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಬಳಿ 14 ಮೀಟರ್ ಆಳದಲ್ಲಿದ್ದೆ. ಎಡಗೈಯಲ್ಲಿ ಅಂಗಡಿಯಿಂದ ತಂದ ಡೈವ್ ಕಂಪ್ಯೂಟರ್ (ಆಳ, ಸಮಯ, ಎಲ್ಲಿ ನಿಲ್ಲಬೇಕು ಅಂತ ತೋರಿಸುವ, ಕೈಗೆ ಕಟ್ಟುವ ಯಂತ್ರ), ಬಲಗೈಯಲ್ಲಿ ನಾನೇ ಮಾಡಿದ್ದು. ಒಂದು ಬಂಡೆ ದಾಟಲು ಸ್ವಲ್ಪ ಬೇಗ ಮೇಲೇರಿದೆ. ನನ್ನ ಕಂಪ್ಯೂಟರ್ ಎಚ್ಚರಿಸಲು ಹೊರಟಿತು. ಬಜರ್ 'ಟಿಕ್' ಅಂದಿತು, ಅಷ್ಟೇ. ಪರದೆ ಖಾಲಿಯಾಯಿತು, ಎರಡು ಸೆಕೆಂಡಿನಲ್ಲಿ ಮತ್ತೆ ಬಂತು. ಆಳ 0.0 ಮೀಟರ್, ಸಮಯ 0 ನಿಮಿಷ. ನೀರಿಗಿಳಿದು 31 ನಿಮಿಷವಾಗಿತ್ತು. ಅದರ ಪ್ರಕಾರ ನಾನಿನ್ನೂ ದೋಣಿಯಲ್ಲೇ ಕೂತಿದ್ದೆ.

ಮುರ್ಡೇಶ್ವರಕ್ಕೆ ವಾಪಸ್ ಬಂದು ಸೆಲ್ ತೆಗೆದು ಮಲ್ಟಿಮೀಟರ್ ಹಿಡಿದೆ. 2.91 ವೋಲ್ಟ್. ಅಂದರೆ ಸೆಲ್ ಸರಿಯಾಗಿಯೇ ಇದೆ ಅಂತ ಮೀಟರ್ ಹೇಳುತ್ತಿತ್ತು. ಮೀಟರ್ ಸುಳ್ಳು ಹೇಳಲಿಲ್ಲ, ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಆಮೇಲೆ ಮೂರು ಸಲ ಬೋರ್ಡ್ ಬದಲಾಯಿಸಿದೆ. ಆ ಕಲಿಕೆಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಬೆಸುಗೆ ಹಾಕಲು, ಒಂದಿಷ್ಟು ಕೋಡ್ ಬರೆಯಲು ಬರುವವರು ಇದನ್ನು ಹಿಡಿದು ಕೆಲಸ ಮಾಡಬಹುದು. ಸುಮ್ನೆ ಡೈವ್ ಮಾಡುವವರಿಗೂ ತಮ್ಮ ಕೈಯಲ್ಲಿರುವುದು ಯಾಕೆ ಹಾಗೆ ವರ್ತಿಸುತ್ತದೆ ಅಂತ ಗೊತ್ತಾಗುತ್ತದೆ.

ಮೊದಲೇ ಒಂದು ಮಾತು. ಮನೆಯಲ್ಲಿ ಮಾಡಿದ್ದನ್ನು ನಂಬಿ ಯಾವತ್ತೂ ನೀರಿಗಿಳಿಯಬೇಡಿ. ಅಂಗಡಿಯದ್ದು ಒಂದು ಕೈಯಲ್ಲಿ ಇರಲೇಬೇಕು.

ಹೆಜ್ಜೆ 1: ಲೆಕ್ಕವನ್ನು ಕೊನೆಯಿಂದ ಶುರು ಮಾಡಿ

ಮೊಬೈಲ್ ಮಾಡುವವರು 'ಬ್ಯಾಟರಿ ಎಷ್ಟು ದಿನ ಬರುತ್ತದೆ' ಅಂತ ಕೇಳುತ್ತಾರೆ. ಇಲ್ಲಿ ಮೊದಲು ಕೇಳಬೇಕಾದದ್ದು 'ಬ್ಯಾಟರಿ ಯಾವಾಗ, ಹೇಗೆ ಸಾಯುತ್ತದೆ' ಅಂತ. ಡೈವ್ ಕಂಪ್ಯೂಟರ್ ಪ್ರತಿ ಸೆಕೆಂಡೂ ನೀರಿನ ಒತ್ತಡ ಅಳೆಯುತ್ತದೆ. ಅದರಿಂದ ನಿಮ್ಮ ಮೈಯಲ್ಲಿ ಎಷ್ಟು ನೈಟ್ರೋಜನ್ ಕರಗಿದೆ (ಬೇಗ ಮೇಲೇರಿದರೆ ಗುಳ್ಳೆಯಾಗಿ ಕಾಡುವುದು ಇದೇ) ಅಂತ ಲೆಕ್ಕ ಹಾಕುತ್ತದೆ. ತುಂಬ ಕಡೆ ಬಳಕೆಯಲ್ಲಿರುವುದು ಬ್ಯೂಲ್‌ಮನ್ ಮಾದರಿ. ಅದು ಮೈಯನ್ನು 16 ಕಾಲ್ಪನಿಕ ಭಾಗಗಳಾಗಿ ನೋಡುತ್ತದೆ. ತೀರಾ ನಿಧಾನದ ಭಾಗದ ಅರ್ಧಾವಧಿ (ಅರ್ಧ ಖಾಲಿಯಾಗಲು ಬೇಕಾದ ಹೊತ್ತು) 635 ನಿಮಿಷ. ಆ ಭಾಗ ಪೂರ್ತಿ ಖಾಲಿಯಾಗಲು ಆರು ಅರ್ಧಾವಧಿ ಬೇಕು ಅಂದುಕೊಂಡರೂ 63 ಗಂಟೆ ದಾಟುತ್ತದೆ. ಹಾಗಾಗಿ ಪರದೆ ಆರಿದ್ದರೂ ಈ ಯಂತ್ರ ಆರಿರುವುದಿಲ್ಲ. ಭಾನುವಾರದ ಡೈವ್ ಅದರ ತಲೆಯಲ್ಲಿ ಬುಧವಾರದವರೆಗೂ ಓಡುತ್ತಿರುತ್ತದೆ.

ಕಾಗದದ ಮೇಲೆ ಒಂದು ಷರತ್ತು ಬರೆದುಕೊಳ್ಳಿ. ನನ್ನದು ಹೀಗಿದೆ: ಬ್ಯಾಟರಿ ಕಡಿಮೆಯಾಗಿದೆ ಅಂತ ಮೊದಲ ಸಲ ತೋರಿಸಿದ ಮೇಲೂ ಇನ್ನೊಂದು 90 ನಿಮಿಷದ ಡೈವ್, 0 ಡಿಗ್ರಿಯಲ್ಲಿ, ಬೆಳಕು ಉರಿಯುತ್ತಾ, 20 ಸಲ ಅಲಾರಂ ಬಾರಿಸಿ ಮುಗಿಯಬೇಕು.

0 ಡಿಗ್ರಿ ಯಾಕೆ, ನಮ್ಮ ಕರಾವಳಿಯ ನೀರು ಬೆಚ್ಚಗಿರುತ್ತದಲ್ವಾ? ನಿಜ. ಆದರೆ ಅದೇ ಕಂಪ್ಯೂಟರನ್ನು ಯಾರಾದರೂ ಐಸ್‌ಲ್ಯಾಂಡ್‌ನ ಸಿಲ್ಫ್ರಾ ಬಿರುಕಿಗೆ ಒಯ್ದರೆ ಅಲ್ಲಿ ನೀರು ವರ್ಷವಿಡೀ 2ರಿಂದ 4 ಡಿಗ್ರಿ. ಸೆಲ್‌ನ ನಿಜವಾದ ಗುಣ ಚಳಿಯಲ್ಲೇ ಗೊತ್ತಾಗುವುದು.

ಹೆಜ್ಜೆ 2: ಕಿರಾಣಿ ಚೀಟಿಯ ಹಾಗೆ ಖರ್ಚು ಬರೆಯಿರಿ

ವರ್ಷಕ್ಕೆ 100 ಡೈವ್, ಒಂದೊಂದು 50 ನಿಮಿಷ ಅಂದುಕೊಳ್ಳಿ. ನೀರೊಳಗೆ ಒಟ್ಟು 83 ಗಂಟೆ. ನನ್ನ ಬೋರ್ಡ್‌ನಲ್ಲಿರುವುದು ಎಸ್‌ಟಿಎಂ32ಎಲ್4 ಮೈಕ್ರೊಕಂಟ್ರೋಲರ್, ಎಂಎಸ್5837-30ಬಿಎ ಒತ್ತಡದ ಸೆನ್ಸರ್, ಬ್ಲೂಟೂತ್‌ಗೆ ಒಂದು ಪುಟ್ಟ ಮಾಡ್ಯೂಲ್, ಜೊತೆಗೆ ಸಣ್ಣ ಕಪ್ಪುಬಿಳುಪು ಮೆಮೊರಿ ಎಲ್‌ಸಿಡಿ. ವರ್ಷದ ಚೀಟಿ ಇದು (ಎಂಎಎಚ್ ಅಂದರೆ ಮಿಲಿಆಂಪ್-ಗಂಟೆ, ಕರೆಂಟನ್ನು ಗಂಟೆಯಿಂದ ಗುಣಿಸಿದ್ದು):

ನಿದ್ದೆ: 3 ಮೈಕ್ರೊಆಂಪ್, 8,760 ಗಂಟೆ. 26 ಎಂಎಎಚ್.
ಡೈವ್ ವೇಳೆ ಸೆನ್ಸರ್, ಲೆಕ್ಕ, ಪರದೆ: 50 ಮೈಕ್ರೊಆಂಪ್, 83 ಗಂಟೆ. 4 ಎಂಎಎಚ್.
ಡೈವ್ ಮುಗಿದ ಮೇಲೆ ದಡದ ಲೆಕ್ಕ: 15 ಮೈಕ್ರೊಆಂಪ್, 800 ಗಂಟೆ. 12 ಎಂಎಎಚ್.
ಪರದೆಯ ಹಿಂದಿನ ಬೆಳಕು: 10 ಮಿಲಿಆಂಪ್, ಡೈವ್‌ನ ನೂರಕ್ಕೆ 5 ಭಾಗ ಹೊತ್ತು. 42 ಎಂಎಎಚ್.
ಬಜರ್: 35 ಮಿಲಿಆಂಪ್, ಡೈವ್‌ಗೆ 10 ಸೆಕೆಂಡ್. 10 ಎಂಎಎಚ್.
ಬ್ಲೂಟೂತ್‌ನಲ್ಲಿ ಲಾಗ್ ಇಳಿಸುವುದು: 5 ಮಿಲಿಆಂಪ್, ಡೈವ್‌ಗೆ 1 ನಿಮಿಷ. 8 ಎಂಎಎಚ್.

ಒಟ್ಟು 102 ಎಂಎಎಚ್. ಈ ಚೀಟಿಯನ್ನು ಒಂದು ಸಲ ನಿಧಾನವಾಗಿ ನೋಡಿ. 16 ಭಾಗಗಳ ಆ ದೊಡ್ಡ ಲೆಕ್ಕಕ್ಕೆ ಹೆದರಿ ನಾನು ಒಂದು ವಾರ ಕೂತು ಕೋಡ್ ವೇಗ ಮಾಡಿದ್ದೆ. ಅದು ಸೆನ್ಸರ್, ಪರದೆ ಎಲ್ಲ ಸೇರಿ ತಿನ್ನುವುದೇ 4. ಬೆಳಕು 42. ಆ ಒಂದು ವಾರದಲ್ಲಿ ಬೆಳಕು ತಾನಾಗಿ 5 ಸೆಕೆಂಡಿಗೆ ಆರುವ ಹಾಗೆ ಮಾಡಿದ್ದರೆ ಸಾಕಿತ್ತು.

ನಿದ್ದೆಯ 3 ಮೈಕ್ರೊಆಂಪ್ ಕೂಡ ಸಣ್ಣದಲ್ಲ. ಅದು ಸಾಲದ ಬಡ್ಡಿಯ ಹಾಗೆ, ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ, ಕಂಪ್ಯೂಟರ್ ಬೀರುವಿನಲ್ಲಿ ಬಿದ್ದಿರುತ್ತದೆ, ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಹೆಜ್ಜೆ 3: ಸೆಲ್ ಆರಿಸಿ

ಮೂರು ದಾರಿಗಳಿವೆ.

ಮೊದಲನೆಯದು ಬಿಲ್ಲೆಯಂಥ ಕಾಯಿನ್ ಸೆಲ್. ಮಾರೆಸ್ ಪಕ್ ಪ್ರೊಗೆ ಸಿಆರ್2450, ಕ್ರೆಸ್ಸಿ ಲಿಯೊನಾರ್ಡೊಗೆ ಸಿಆರ್2430. ಹೆಸರಿನಲ್ಲೇ ಅಳತೆ ಇದೆ: 24 ಅಂದರೆ 24 ಮಿಲಿಮೀಟರ್ ಅಗಲ, 50 ಅಂದರೆ 5.0 ಮಿಲಿಮೀಟರ್ ದಪ್ಪ. ಸಿಆರ್2450ರಲ್ಲಿ ಹೆಚ್ಚುಕಡಿಮೆ 600 ಎಂಎಎಚ್ ಇರುತ್ತದೆ, 2430ರಲ್ಲಿ ಅದರ ಅರ್ಧ. ಸುಮ್ಮನೆ ಇಟ್ಟರೆ ವರ್ಷಕ್ಕೆ ನೂರಕ್ಕೆ ಒಂದು ಭಾಗದಷ್ಟೇ ಸೋರುತ್ತದೆ. ಕಪ್ಪುಬಿಳುಪು ಪರದೆಯ ಕಂಪ್ಯೂಟರ್‌ಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಒಮ್ಮೆಲೇ ಜಾಸ್ತಿ ಕರೆಂಟ್ ಕೇಳಿದರೆ ಕೈ ಎತ್ತುತ್ತದೆ.

ಎರಡನೆಯದು ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್‌. ಶಿಯರ್‌ವಾಟರ್ ಪರ್ಡಿಕ್ಸ್ ಈ ದಾರಿ ಹಿಡಿಯಿತು. 1.5 ವೋಲ್ಟ್‌ನ ಆಲ್ಕಲೈನ್, ಅದೇ ವೋಲ್ಟ್‌ನ ಲಿಥಿಯಂ, 1.2ರ ರೀಚಾರ್ಜ್ ಸೆಲ್, 3.6ರ ಸಾಫ್ಟ್ ಲಿಥಿಯಂ, ಯಾವುದಾದರೂ ನಡೆಯುತ್ತದೆ. ನನಗೆ ಈ ಯೋಚನೆ ತುಂಬ ಇಷ್ಟ. ಯಾವ ದ್ವೀಪಕ್ಕೆ ಹೋದರೂ ಬೀಡಿ ಅಂಗಡಿಯಲ್ಲಿ ಎಎ ಸೆಲ್ ಸಿಗುತ್ತದೆ. ಬಣ್ಣದ ಪರದೆಗೆ ಬೇಕಾದ ಶಕ್ತಿಯೂ ಇದರಲ್ಲಿದೆ.

ಆದರೆ 1.5 ವೋಲ್ಟನ್ನು 3.3ಕ್ಕೆ ಏರಿಸಲು ಬೂಸ್ಟ್ ಸರ್ಕ್ಯೂಟ್ ಬೇಕು. ಅಲ್ಲೊಂದು ಸುಳಿ ಇದೆ. ಪರದೆಗೆ 100 ಮಿಲಿವ್ಯಾಟ್ ಬೇಕು, ಬೂಸ್ಟ್ ನೂರಕ್ಕೆ 85 ಭಾಗ ದಾಟಿಸುತ್ತದೆ ಅಂದುಕೊಳ್ಳಿ. ಸೆಲ್ 1.2 ವೋಲ್ಟ್‌ನಲ್ಲಿದ್ದಾಗ ಅದರಿಂದ 98 ಮಿಲಿಆಂಪ್ ಎಳೆಯುತ್ತದೆ. ಸೆಲ್ 0.9ಕ್ಕೆ ಇಳಿದಾಗ 131. ಸೆಲ್ ಬಡವಾದಷ್ಟೂ ಬೂಸ್ಟ್ ಜಾಸ್ತಿ ಕೇಳುತ್ತದೆ. ಕೇಳಿದಷ್ಟೂ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಕೊನೆಗೆ ದಢಕ್ಕನೆ ಕುಸಿಯುತ್ತದೆ. ಹಾಗಾಗಿ ವೋಲ್ಟೇಜ್ ಇಳಿದ ಹಾಗೆ ಬೆಳಕನ್ನೂ ಇಳಿಸುವ ಕೋಡ್ ಇರಲೇಬೇಕು.

ಇನ್ನೊಂದು ವಿಷಯ, ಇದು ಮೇಜಿನ ಮೇಲೆ ಗೊತ್ತಾಗುವುದೇ ಇಲ್ಲ. ದೋಣಿಯಿಂದ ದೊಡ್ಡ ಹೆಜ್ಜೆ ಇಟ್ಟು ನೀರಿಗೆ ಹಾರಿದಾಗ ಎಎ ಸೆಲ್‌ನ ಸ್ಪ್ರಿಂಗ್ ಒಂದು ಕ್ಷಣ ಬಿಟ್ಟುಕೊಳ್ಳಬಹುದು. ಸೆಲ್ ಕೂಡ ಒಂದು ಪುಟ್ಟ ಸುತ್ತಿಗೆಯ ಹಾಗೆ ಭಾರ ಇರುತ್ತದಲ್ವಾ. ಸ್ಪ್ರಿಂಗ್ ಗಟ್ಟಿ ಇರಲಿ, ಆ ಕ್ಷಣವನ್ನು ದಾಟಿಸಲು ಬೂಸ್ಟ್‌ನ ಆಚೆ ಒಂದು ಕೆಪಾಸಿಟರ್ ಇರಲಿ.

ಸಾಫ್ಟ್‌ನ ಎಲ್‌ಎಸ್14500 ಬಗ್ಗೆಯೂ ಹೇಳಬೇಕು. 3.6 ವೋಲ್ಟ್, 2,600 ಎಂಎಎಚ್, ನೋಡಿದರೆ ಬಂಗಾರ. ಆದರೆ ಬಹಳ ದಿನ ಸುಮ್ಮನಿದ್ದರೆ ಒಳಗಿನ ಲಿಥಿಯಂ ಮೇಲೆ ಒಂದು ಪದರ ಕಟ್ಟುತ್ತದೆ. ಮೊದಲ ಸಲ ಲೋಡ್ ಬಿದ್ದಾಗ ವೋಲ್ಟೇಜ್ ಕುಸಿದು ನಿಧಾನವಾಗಿ ಏಳುತ್ತದೆ. ಜೊತೆಗೆ ಕೊನೆಯವರೆಗೂ 3.6ರ ಆಸುಪಾಸಿನಲ್ಲೇ ನಿಂತಿರುತ್ತದೆ. ಎಷ್ಟು ಉಳಿದಿದೆ ಅಂತ ವೋಲ್ಟೇಜ್ ನೋಡಿ ಹೇಳಲು ಆಗುವುದಿಲ್ಲ.

ಮೂರನೆಯದು ಒಳಗೇ ಇರುವ ಲಿಥಿಯಂ-ಅಯಾನ್. 2017ರ ಗಾರ್ಮಿನ್ ಡಿಸೆಂಟ್ ಎಂಕೆ1, ಶಿಯರ್‌ವಾಟರ್ ಟೆರಿಕ್ ಈ ಸಾಲಿನವು. ಇದಕ್ಕೆ ಮುಂದೆ ಬೇರೆಯೇ ಹೆಜ್ಜೆ ಇಟ್ಟಿದ್ದೇನೆ.

ನಾನು ಆರಿಸಿದ್ದು ಸಿಆರ್2450. 600ರಲ್ಲಿ ನೂರಕ್ಕೆ 60 ಮಾತ್ರ ಕೈಗೆ ಬರುತ್ತದೆ ಅಂತ ಹಿಡಿದೆ, ಅಂದರೆ 360. ಯಾಕೆ ಅಂತ ಮುಂದಿನ ಹೆಜ್ಜೆಯಲ್ಲಿ ಗೊತ್ತಾಗುತ್ತದೆ. 102ರ ಚೀಟಿಗೆ ಮೂರೂವರೆ ವರ್ಷ. ಮಾರುವ ಹಾಗಿದ್ದರೆ ಡಬ್ಬದ ಮೇಲೆ 2 ವರ್ಷ ಅಂತ ಬರೆಯುತ್ತಿದ್ದೆ.

ಹೆಜ್ಜೆ 4: ಸೆಲ್‌ನ ಒಳಗಿನ ತಡೆ ಅಳೆಯಿರಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಸೆಲ್ ಅಂದರೆ ನೀರಿನ ಟ್ಯಾಂಕ್ ಅಂದುಕೊಳ್ಳಿ. 'ಟ್ಯಾಂಕ್ ತುಂಬಿದೆಯಾ' ಅಂತ ಎಲ್ಲರೂ ನೋಡುತ್ತಾರೆ. ನಲ್ಲಿಯ ಪೈಪ್ ಎಷ್ಟು ಕಟ್ಟಿದೆ ಅಂತ ಯಾರೂ ನೋಡುವುದಿಲ್ಲ. ಸೆಲ್ ಹಳತಾದ ಹಾಗೆ, ತಣ್ಣಗಾದ ಹಾಗೆ ಪೈಪ್ ಕಟ್ಟುತ್ತಾ ಹೋಗುತ್ತದೆ.

ಅಳೆಯುವುದು ಸುಲಭ. ಸೆಲ್‌ನ ವೋಲ್ಟೇಜ್ ನೋಡಿ. ಆಮೇಲೆ 100 ಓಮ್ ರೆಸಿಸ್ಟರನ್ನು ಹತ್ತನೇ ಒಂದು ಸೆಕೆಂಡ್ ಹೊತ್ತು ಅಡ್ಡ ಹಚ್ಚಿ, ಆಗಿನ ವೋಲ್ಟೇಜ್ ನೋಡಿ. ಕೈಯಲ್ಲಿ ಮಾಡಲು ಆಗುವುದಿಲ್ಲ, ಒಂದು ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಇಟ್ಟು ಆರ್ಡುಯಿನೊ ಬೋರ್ಡಿನಿಂದ ಮಾಡಿಸಿ. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿ, 1 ಕಳೆಯಿರಿ, 100ರಿಂದ ಗುಣಿಸಿ. ಬಂದದ್ದು ಒಳಗಿನ ತಡೆ, ಓಮ್‌ಗಳಲ್ಲಿ.

ನೇತ್ರಾಣಿಯಿಂದ ತಂದ ಆ ಸೆಲ್‌ಗೆ ಇದನ್ನೇ ಮಾಡಿದೆ. 2.91 ಇದ್ದದ್ದು 2.11ಕ್ಕೆ ಬಿತ್ತು. ಒಳಗಿನ ತಡೆ 38 ಓಮ್. ನನ್ನ ಬಜರ್ ಎಳೆಯುವುದು 35 ಮಿಲಿಆಂಪ್. 38 ಓಮ್‌ನಲ್ಲಿ 35 ಮಿಲಿಆಂಪ್ ಅಂದರೆ 1.33 ವೋಲ್ಟ್ ಒಳಗೇ ಹೋಯಿತು. ಹೊರಗೆ ಸಿಕ್ಕಿದ್ದು 1.58. ಮೈಕ್ರೊಕಂಟ್ರೋಲರ್‌ಗೆ ಕನಿಷ್ಠ 1.71 ಬೇಕು. ಅದಕ್ಕೇ ಆ 'ಟಿಕ್'. ಹೊಸ ಸೆಲ್ ಹಾಕಿ ನೋಡಿದೆ: 3.2 ಇದ್ದದ್ದು 2.8ಕ್ಕೆ ಬಂತು, ತಡೆ 14 ಓಮ್.

ಈಗ ಚಳಿಯ ಪರೀಕ್ಷೆ. ಸೆಲ್‌ಗಳನ್ನು ಜಿಪ್ ಕವರ್‌ಗೆ ಹಾಕಿ ಫ್ರಿಜ್‌ನಲ್ಲಿ ಹಾಲಿನ ಪಾತ್ರೆಯ ಪಕ್ಕ ಎರಡು ಗಂಟೆ ಇಡಿ. ಫ್ರೀಜರ್ ಬೇಡ. ತೆಗೆದ ತಕ್ಷಣ ಅದೇ ಅಳತೆ ಮಾಡಿ. ತಡೆ ಏರಿರುವುದು ಕಣ್ಣಿಗೇ ಕಾಣುತ್ತದೆ. ನಮ್ಮಮ್ಮ ಬೆಣ್ಣೆ ಡಬ್ಬದ ಹಿಂದೆ ಆರು ಸೆಲ್ ಕಂಡು 'ಇದೇನೋ, ಇದನ್ನೂ ಹೆಪ್ಪು ಹಾಕ್ತೀಯಾ' ಅಂತ ಕೇಳಿದ್ದರು.

ಸೆಲ್ ಕೊಳ್ಳುವಾಗಲೂ ಇದೇ ಪರೀಕ್ಷೆ ಮಾಡಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಹತ್ತು ಸೆಲ್‌ನ ಹಾಳೆಯೊಂದು ಅಗ್ಗಕ್ಕೆ ಸಿಕ್ಕಿತ್ತು, ಮೇಲೆ ದೊಡ್ಡ ಕಂಪನಿಯ ಹೆಸರು. ಹತ್ತರಲ್ಲಿ ನಾಲ್ಕು ಹೊಸದರಲ್ಲೇ 30 ಓಮ್ ದಾಟಿದ್ದವು.

ಕಾಯಿಲೆ ಗೊತ್ತಾಯಿತು, ಔಷಧಿ ಏನು? ನನಗೆ ಮೊದಲು ಹೊಳೆದದ್ದು ದೊಡ್ಡ ಕೆಪಾಸಿಟರ್. ಲೆಕ್ಕ ಹಾಕಿ. 35 ಮಿಲಿಆಂಪ್, 0.1 ಸೆಕೆಂಡ್, ವೋಲ್ಟೇಜ್ 0.3ಕ್ಕಿಂತ ಜಾಸ್ತಿ ಬೀಳಬಾರದು. ಅದಕ್ಕೆ ಸುಮಾರು 11,700 ಮೈಕ್ರೊಫ್ಯಾರಡ್ ಬೇಕು. ಗಡಿಯಾರದಷ್ಟು ಪೆಟ್ಟಿಗೆಯಲ್ಲಿ ಅದನ್ನು ಎಲ್ಲಿ ತುರುಕುವುದು? ಬಜರನ್ನೇ ಬದಲಾಯಿಸುವುದು ಜಾಣತನ. ಸುರುಳಿ ಇರುವ ಬಜರ್ ಬಿಟ್ಟು ಪೀಜೊ ಬಿಲ್ಲೆ ಹಾಕಿದರೆ ಕೆಲವೇ ಮಿಲಿಆಂಪ್‌ನಲ್ಲಿ ಕೆಲಸ ಮುಗಿಯುತ್ತದೆ. ನಡುಗುವ ಮೋಟರ್ ಆಸೆ ಇದ್ದರೆ ಕಾಯಿನ್ ಸೆಲ್ ಮರೆತುಬಿಡಿ.

ಬ್ಲೂಟೂತ್‌ಗೆ ಮಾತ್ರ ಕೆಪಾಸಿಟರ್ ಸರಿಹೋಗುತ್ತದೆ. 10 ಮಿಲಿಆಂಪ್, 5 ಮಿಲಿಸೆಕೆಂಡ್, 0.2 ವೋಲ್ಟ್ ಅಂದರೆ 250 ಮೈಕ್ರೊಫ್ಯಾರಡ್ ಸಾಕು. ಇಲ್ಲಿ ನಾನು ಇನ್ನೊಂದು ಹಳ್ಳಕ್ಕೆ ಬಿದ್ದೆ. 470 ಮೈಕ್ರೊಫ್ಯಾರಡ್‌ನ ಟ್ಯಾಂಟಲಂ ಹಾಕಿದೆ. ಅದರ ಡೇಟಾಶೀಟ್‌ನಲ್ಲಿ ಸೋರುವ ಕರೆಂಟ್‌ನ ಗರಿಷ್ಠ ಮಿತಿ 30 ಮೈಕ್ರೊಆಂಪ್ ಹತ್ತಿರ ಇತ್ತು. ಅಷ್ಟೂ ಸೋರಿದರೆ ವರ್ಷಕ್ಕೆ 263 ಎಂಎಎಚ್, ನನ್ನ ಇಡೀ ಚೀಟಿಯ ಎರಡೂವರೆ ಪಟ್ಟು. ಈಗ ಸೆರಾಮಿಕ್ ಕೆಪಾಸಿಟರ್‌ಗಳನ್ನು ಒಂದಕ್ಕೊಂದು ಸಮಾಂತರವಾಗಿ (ಪ್ಯಾರಲಲ್) ಹಾಕಿದ್ದೇನೆ. ಅವುಗಳಿಗೂ ಒಂದು ಚಾಳಿ ಇದೆ. 3 ವೋಲ್ಟ್ ಹಚ್ಚಿದಾಗ ಮೇಲೆ ಬರೆದ ಅಂಕಿಯಷ್ಟು ಇರುವುದಿಲ್ಲ, ಕಡಿಮೆಯಾಗುತ್ತದೆ. ಗ್ರಾಫ್ ನೋಡಿ ಒಂದೆರಡು ಜಾಸ್ತಿ ಹಾಕಿ.

ಕೋಡ್‌ನಲ್ಲೂ ಒಂದು ನಿಯಮ ಇರಲಿ: ಬೆಳಕು, ಬಜರ್, ರೇಡಿಯೊ, ಮೆಮೊರಿಗೆ ಬರೆಯುವುದು, ಎಲ್ಲವೂ ಸರದಿಯಲ್ಲಿ. ಬಜರ್ ಬಾರಿಸುವ ಮುಂಚೆ ಬೆಳಕು ಆರಲಿ. 100 ಮಿಲಿಸೆಕೆಂಡ್ ಆರಿ ಹತ್ತಿದರೆ ಅದೇ ಒಂದು ಎಚ್ಚರಿಕೆಯ ಮಿಂಚು.

ಹೆಜ್ಜೆ 5: ಏಳಿಸುವ ವ್ಯವಸ್ಥೆ

ತುಂಬ ಕಂಪ್ಯೂಟರ್‌ಗಳಲ್ಲಿ ಹೊರಗೆ ಎರಡು ಲೋಹದ ಚುಕ್ಕೆ ಇರುತ್ತವೆ. ಉಪ್ಪುನೀರು ಎರಡನ್ನೂ ಸೇರಿಸಿದಾಗ ಯಂತ್ರ ಏಳುತ್ತದೆ. ಆ ಚುಕ್ಕೆಗಳಿಗೆ ಸದಾ ವೋಲ್ಟೇಜ್ ಕೊಟ್ಟರೆ ಸಮುದ್ರದ ನೀರು ಲೋಹವನ್ನು ತಿಂದುಹಾಕುತ್ತದೆ. ಸೆಕೆಂಡಿಗೊಮ್ಮೆ ಒಂದು ಸಣ್ಣ ತಟ್ಟು ಕೊಟ್ಟು ನೋಡಿದರೆ ಸಾಕು. ಡೈವ್ ಮುಗಿದ ಮೇಲೆ ಸಿಹಿನೀರಲ್ಲಿ ತೊಳೆದು ಒರೆಸಿ. ಒದ್ದೆ ಚೀಲದಲ್ಲಿಟ್ಟರೆ ಚುಕ್ಕೆಗಳ ನಡುವೆ ಉಪ್ಪು ಕೂತು ರಾತ್ರಿಯಿಡೀ ಎಚ್ಚರವಾಗಿರುತ್ತದೆ.

ಸಿಲ್ಫ್ರಾದಂಥ ಹಿಮ ಕರಗಿದ ಸಿಹಿನೀರಿನಲ್ಲಿ ಈ ಚುಕ್ಕೆಗಳು ಕೈ ಕೊಡಬಹುದು. ಅದಕ್ಕೆ ಒತ್ತಡದ ದಾರಿಯೂ ಬೇಕು. ನಿದ್ದೆಯಲ್ಲಿದ್ದಾಗಲೂ ಕೆಲವು ಸೆಕೆಂಡಿಗೊಮ್ಮೆ ಒತ್ತಡ ನೋಡಿ. 1.2 ಮೀಟರ್ ದಾಟಿದರೆ ಡೈವ್ ಶುರು ಅಂತ ತಿಳಿಯಿರಿ. ಸೆನ್ಸರ್ ಒಂದು ಅಳತೆಗೆ ಕೆಲವೇ ಮಿಲಿಸೆಕೆಂಡ್ ಎಚ್ಚರವಿರುವುದರಿಂದ ಖರ್ಚು ಅತ್ಯಲ್ಪ.

ನೀರೊಳಗೆ ಹೋದ ಮೇಲೆ ಬ್ಲೂಟೂತ್ ಆರಿಸಿಬಿಡಿ. ಆ ಅಲೆ ಉಪ್ಪುನೀರಿನಲ್ಲಿ ಗೇಣುದ್ದವೂ ಸರಿಯಾಗಿ ಹೋಗುವುದಿಲ್ಲ. ಸಿಲಿಂಡರಿನ ಗಾಳಿ ಎಷ್ಟಿದೆ ಅಂತ ಕೈಗೆ ಕಳಿಸುವ ಸಾಧನಗಳು 38 ಕಿಲೋಹರ್ಟ್ಜ್‌ನಂಥ ಕೆಳ ಅಲೆ ಬಳಸುವುದು ಇದಕ್ಕೇ.

ಹೆಜ್ಜೆ 6: ಸತ್ತು ಎದ್ದರೆ ಏನಾಗಬೇಕು

ಎಷ್ಟೇ ಜೋಪಾನ ಮಾಡಿದರೂ ಒಂದು ದಿನ ರಿಸೆಟ್ ಆಗುತ್ತದೆ. ಆದ ಮೇಲೆ ಏನು ಅಂತ ಮುಂಚೆಯೇ ಬರೆದಿಡಿ.

ನನ್ನ ಮೊದಲ ಕೋಡ್‌ನ ಪೆದ್ದುತನ ಕೇಳಿ. ಆನ್ ಆದ ತಕ್ಷಣ ಸೆನ್ಸರ್ ನೋಡಿ 'ಇದೇ ದಡದ ಒತ್ತಡ' ಅಂತ ಹಿಡಿಯುತ್ತಿತ್ತು. 14 ಮೀಟರ್ ಕೆಳಗೆ ಎದ್ದಾಗ ಅಲ್ಲಿನ 2.4 ಬಾರ್ (ದಡದಲ್ಲಿ ಸುಮಾರು 1) ಒತ್ತಡವನ್ನೇ ದಡ ಅಂದುಕೊಂಡಿತು. ಅದಕ್ಕೇ 0.0 ಮೀಟರ್. ಸರಿಪಡಿಸಲು ಒಂದೇ ಸಾಲು ಸಾಕಿತ್ತು. ಬಯಲಿನಲ್ಲಿ ಗಾಳಿಯ ಒತ್ತಡ ಎಲ್ಲಿಯೂ 1.1 ಬಾರ್ ಮುಟ್ಟುವುದಿಲ್ಲ. ಎದ್ದಾಗ ಅದಕ್ಕಿಂತ ಜಾಸ್ತಿ ಇದ್ದರೆ ನೀರೊಳಗೇ ಇದ್ದೀರಿ, ಅನುಮಾನವೇ ಬೇಡ.

ಲೆಕ್ಕವನ್ನು ಎಲ್ಲಿ ಉಳಿಸುವುದು? 16 ಭಾಗ, ನೈಟ್ರೋಜನ್ ಮತ್ತು ಹೀಲಿಯಂ (ತೀರಾ ಆಳದ ಡೈವ್ ಮಾಡುವವರು ಗಾಳಿಗೆ ಬೆರೆಸುವುದು) ಎರಡಕ್ಕೂ ಒಂದೊಂದು ಅಂಕಿ, ತಲಾ 4 ಬೈಟ್. ಒಟ್ಟು 128 ಬೈಟ್, ಒಂದು ಎಸ್ಎಂಎಸ್‌ನಷ್ಟು. 10 ಸೆಕೆಂಡಿಗೊಮ್ಮೆ ಬರೆದರೆ 50 ನಿಮಿಷದ ಡೈವ್‌ಗೆ 300 ಸಲ, ವರ್ಷಕ್ಕೆ 30,000 ಸಲ. ಮೈಕ್ರೊಕಂಟ್ರೋಲರ್ ಒಳಗಿನ ಫ್ಲ್ಯಾಶ್‌ಗೆ ಒಂದೇ ಜಾಗದಲ್ಲಿ ಅಳಿಸಿ ಬರೆಯುವ ಖಾತರಿ 10,000 ಸಲ ಮಾತ್ರ. ನಾಲ್ಕು ತಿಂಗಳಿಗೆ ಸವೆಯಿತು. ಅದಕ್ಕೇ ಒಂದು ಪುಟ್ಟ ಎಫ್‌ರ‍್ಯಾಮ್ ಮೆಮೊರಿ ಚಿಪ್ ಹಾಕಿ. ಬರೆಯಲು ಮೊದಲು ಅಳಿಸಬೇಕಿಲ್ಲ, ಕರೆಂಟ್ ಕಡಿಮೆ, ಸವೆಯುವ ಚಿಂತೆ ನಿಮ್ಮ ಕಾಲಕ್ಕಿಲ್ಲ.

ಎರಡು ಜಾಗ ಮಾಡಿ, ಒಂದು ಸಲ ಇಲ್ಲಿ, ಇನ್ನೊಂದು ಸಲ ಅಲ್ಲಿ ಬರೆಯಿರಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೂ ಹಿಂದಿನದು ಉಳಿದಿರುತ್ತದೆ. ಜೊತೆಗೆ ದಡದ ಒತ್ತಡ, ಗಡಿಯಾರದ ಸಮಯ, 'ಡೈವ್ ನಡೆಯುತ್ತಿದೆ' ಅನ್ನುವ ಗುರುತು. ಎದ್ದ ಮೇಲೆ ಇದನ್ನೋದಿ, ನಡುವೆ ಹೋದ ಸೆಕೆಂಡುಗಳನ್ನು ಈಗಿನ ಆಳದಲ್ಲೇ ಕಳೆದದ್ದು ಅಂತ ಸೇರಿಸಿ ಮುಂದುವರಿಸಿ. ಸೆಲ್ ಬದಲಾಯಿಸಿದಾಗಲೂ ಬೆಳಗಿನ ಡೈವ್‌ನ ನೆನಪು ಉಳಿಯುವುದು ಇದರಿಂದಲೇ.

ಈಗ ನನ್ನ ಬೋರ್ಡ್‌ನಲ್ಲಿ ಒಂದು ರೀಡ್ ಸ್ವಿಚ್ ಇದೆ. ಹೊರಗಿನಿಂದ ಮ್ಯಾಗ್ನೆಟ್ ಹಿಡಿದರೆ ಕರೆಂಟ್ ಕಡಿಯುತ್ತದೆ. ಮುಂದಿನ ಸೀಸನ್‌ನಲ್ಲಿ 12 ಮೀಟರ್ ಕೆಳಗೆ ಬೇಕಂತಲೇ ಐದು ಸಲ ಕೊಂದೆ. ಐದು ಸಲವೂ ಎದ್ದು ಸರಿಯಾದ ನಿಮಿಷ ತೋರಿಸಿತು. ಜೊತೆಗಿದ್ದ ಗೆಳೆಯ, ನಾನು ಕೈಗಡಿಯಾರಕ್ಕೆ ಮಂತ್ರ ಹಾಕುತ್ತಿದ್ದೇನೆ ಅಂದುಕೊಂಡನಂತೆ.

ಹೆಜ್ಜೆ 7: ಬ್ಯಾಟರಿ ಗುರುತು ನಿಜ ಹೇಳಲಿ

ನಾಲ್ಕು ಕಡ್ಡಿಯ ಚಿತ್ರ ಹಾಕಿ ವೋಲ್ಟೇಜ್‌ಗೆ ಜೋಡಿಸಿಬಿಡುವುದು ಎಲ್ಲರೂ ಮಾಡುವ ಕೆಲಸ. ಕಾಯಿನ್ ಸೆಲ್ ತನ್ನ ಬದುಕಿನ ಮುಕ್ಕಾಲು ಪಾಲು 2.9ರ ಹತ್ತಿರವೇ ನಿಂತಿರುತ್ತದೆ. ಹಾಗಾಗಿ ಆ ಕಡ್ಡಿಗಳು ನಾಲ್ಕು, ನಾಲ್ಕು, ನಾಲ್ಕು, ಸೊನ್ನೆ.

ಹೆಜ್ಜೆ 4ರ ಪರೀಕ್ಷೆಯನ್ನೇ ಯಂತ್ರದೊಳಗೆ ಇಡಿ. ಪರದೆ ಆನ್ ಮಾಡಿದಾಗಲೆಲ್ಲ ಬೆಳಕನ್ನು 50 ಮಿಲಿಸೆಕೆಂಡ್ ಹೊತ್ತಿಸಿ, ಮುಂಚೆ ಮತ್ತು ಆಗ ವೋಲ್ಟೇಜ್ ಅಳೆಯಿರಿ. ಒಳಗಿನ ತಡೆ ಸಿಗುತ್ತದೆ. ಒತ್ತಡದ ಸೆನ್ಸರ್ ಬಿಸಿಯನ್ನೂ ಹೇಳುತ್ತದೆ, ಅದನ್ನೂ ಲೆಕ್ಕಕ್ಕೆ ತನ್ನಿ. ಮುರ್ಡೇಶ್ವರದ ದೋಣಿಯಲ್ಲಿ 32 ಡಿಗ್ರಿಯಲ್ಲಿ 20 ಓಮ್ ತೋರಿಸಿದ ಸೆಲ್, ತಣ್ಣೀರಿನಲ್ಲಿ 40 ದಾಟಬಹುದು.

ದಡದಲ್ಲಿ ಮಿತಿ ಮೀರಿದ್ದರೆ ಹೊಸ ಡೈವ್ ಬೇಡ ಅಂತ ದೊಡ್ಡದಾಗಿ ತೋರಿಸಿ. ನೀರೊಳಗೆ ಇದ್ದಾಗ ಮಾತ್ರ ಯಾವ ಕಾರಣಕ್ಕೂ ತಾನಾಗಿ ಆರಬಾರದು. ಒಂದೊಂದೇ ಬಿಡುತ್ತಾ ಹೋಗಲಿ: ಮೊದಲು ಬೆಳಕು ಮಂಕಾಗಲಿ, ಆಮೇಲೆ ಬಜರ್ ನಿಲ್ಲಲಿ, ಲಾಗ್ ಬರೆಯುವುದು ವಿರಳವಾಗಲಿ. ಆಳ, ಸಮಯ, ಎಲ್ಲಿ ನಿಲ್ಲಬೇಕು ಅನ್ನುವ ಮೂರು ಅಂಕಿ ಕೊನೆಯ ಉಸಿರಿನವರೆಗೂ ಇರಲಿ.

ಹೆಜ್ಜೆ 8: ಮುಚ್ಚಳ ಮತ್ತು ಓ-ರಿಂಗ್

30 ಮಿಲಿಮೀಟರ್ ಅಗಲದ ಮುಚ್ಚಳ ಅಂದುಕೊಳ್ಳಿ. 40 ಮೀಟರ್ ಆಳದಲ್ಲಿ ಹೊರಗಿನಿಂದ 4 ಬಾರ್ ಜಾಸ್ತಿ ಒತ್ತಡ. ಮುಚ್ಚಳದ ಮೇಲೆ 29 ಕಿಲೋ. 100 ಮೀಟರ್‌ಗೆ ಮಾಡುವುದಾದರೆ 72 ಕಿಲೋ, ಒಬ್ಬ ಗಟ್ಟಿ ಆಳು ಒಂಟಿಕಾಲಲ್ಲಿ ನಿಂತ ಹಾಗೆ. ಮುಚ್ಚಳ ಬಾಗಿದರೆ ಒಳಗಿನ ಸೆಲ್‌ನ ಸಂಪರ್ಕವೂ ಅಲುಗುತ್ತದೆ.

ವಿಚಿತ್ರ ಅಂದರೆ ಆಳದಲ್ಲಿ ಓ-ರಿಂಗ್ (ಮುಚ್ಚಳದ ಸುತ್ತ ನೀರು ತಡೆಯುವ ರಬ್ಬರ್ ಬಳೆ) ಚೆನ್ನಾಗಿಯೇ ಕೆಲಸ ಮಾಡುತ್ತದೆ, ಒತ್ತಡವೇ ಅದನ್ನು ಒತ್ತಿ ಹಿಡಿಯುತ್ತದೆ. ಸೋರುವುದು ಜಾಸ್ತಿ ಮೇಲೆಯೇ, ಬಕೆಟ್‌ನಲ್ಲಿ ತೊಳೆಯುವಾಗ. ಹಾಗಾಗಿ ಒತ್ತಡ ಇಲ್ಲದಾಗಲೂ ರಿಂಗ್ ನೂರಕ್ಕೆ 15ರಿಂದ 25 ಭಾಗ ಅದುಮಿರುವ ಹಾಗೆ ಅದು ಕೂರುವ ತೋಡು ಕೊರೆಸಿ. ಸಿಲಿಕೋನ್ ಗ್ರೀಸ್ ಹೊಳೆಯುವಷ್ಟು ಹಚ್ಚಿದರೆ ಸಾಕು. ಬೆಣ್ಣೆ ಸವರಿದ ಹಾಗೆ ಹಚ್ಚಿದರೆ ಮರಳು ಅಂಟುತ್ತದೆ. ರಿಂಗೇ ಸಿಲಿಕೋನ್‌ನದ್ದಾದರೆ ಆ ಗ್ರೀಸ್ ಹಚ್ಚಬೇಡಿ, ಉಬ್ಬುತ್ತದೆ. ಒಂದು ತಲೆಕೂದಲು ಅಡ್ಡ ಬಂದರೂ ಕತೆ ಮುಗಿಯಿತು.

ಸೆಲ್‌ನ ಗೂಡು ಬೇರೆ, ಬೋರ್ಡ್‌ನ ಗೂಡು ಬೇರೆ ಮಾಡಿ. ನಡುವಿನ ಗೋಡೆಯಲ್ಲಿ ತಂತಿ ದಾಟುವ ಕಡೆ ಎಪಾಕ್ಸಿ ತುಂಬಿ. ಆಗ ನೀರು ನುಗ್ಗಿದರೂ ಹೋಗುವುದು ಒಂದು ಸೆಲ್ ಮಾತ್ರ. ಆದರೆ ಉಪ್ಪುನೀರು ಮುಟ್ಟಿದ ಸೆಲ್ ಹೈಡ್ರೋಜನ್ ಅನಿಲ ಬಿಡುತ್ತದೆ. ಮುಚ್ಚಿದ ಗೂಡಿನಲ್ಲಿ ಅದು ಒತ್ತಡ ಕಟ್ಟಿಕೊಳ್ಳುತ್ತದೆ. ನೀರು ನುಗ್ಗಿದೆ ಅನ್ನಿಸಿದರೆ ಮುಚ್ಚಳವನ್ನು ಮುಖದಿಂದ ಆಚೆ ಹಿಡಿದು, ನಿಧಾನವಾಗಿ ತಿರುಗಿಸಿ ಗಾಳಿ ಬಿಡಿ.

ಹೆಜ್ಜೆ 9: ರೀಚಾರ್ಜ್ ಬ್ಯಾಟರಿಯೇ ಬೇಕು ಅಂದರೆ

ಬಣ್ಣದ ಪರದೆಗೆ ಬೇರೆ ದಾರಿ ಕಡಿಮೆ. ಚಾರ್ಜ್ ಪಿನ್‌ಗಳು ಹೊರಗೆ ಕಾಣುವ ಹಾಗಿದ್ದರೆ ಅವುಗಳಲ್ಲಿ ಬ್ಯಾಟರಿಯ ವೋಲ್ಟೇಜ್ ಇರಲೇಬಾರದು. 4 ವೋಲ್ಟ್ ಇರುವ ಪಿನ್ ಸಮುದ್ರಕ್ಕಿಳಿದರೆ ಚಿನ್ನದ ಲೇಪ ಕೆಲವೇ ಡೈವ್‌ಗೆ ಮಾಯ. ಒಳಗೆ ಬೆನ್ನಿಗೆ ಬೆನ್ನು ಎರಡು ಮಾಸ್ಫೆಟ್ ಇಟ್ಟು, ಚಾರ್ಜರ್ ಬಂದಾಗ ಮಾತ್ರ ತೆರೆಯುವ ಹಾಗೆ ಮಾಡಿ. ಟೆರಿಕ್‌ನ ಹಾಗೆ ತಂತಿಯಿಲ್ಲದೆ ಚಾರ್ಜ್ ಮಾಡಿದರೆ ತೂತೇ ಬೇಡ, ಆದರೆ ಬಿಸಿ ಜಾಸ್ತಿ. 0 ಡಿಗ್ರಿ ಕೆಳಗೆ, 45 ಡಿಗ್ರಿ ಮೇಲೆ ಚಾರ್ಜ್ ಆಗಬಾರದು. ಏಪ್ರಿಲ್ ಬಿಸಿಲಲ್ಲಿ ದೋಣಿಯ ಮೇಲಿಟ್ಟ ಕಪ್ಪು ಪೆಟ್ಟಿಗೆ 45 ದಾಟಲು ಎಷ್ಟು ಹೊತ್ತು ಬೇಕು? ಬ್ಯಾಟರಿಗೆ ಅಂಟಿದ ಥರ್ಮಿಸ್ಟರ್ (ಬಿಸಿ ಅಳೆಯುವ ಸೆನ್ಸರ್) ಇರಲೇಬೇಕು. ಮಳೆಗಾಲಕ್ಕೆ ಎತ್ತಿಡುವಾಗ ಪೂರ್ತಿ ತುಂಬಿಸದೆ ಅರ್ಧ ಚಾರ್ಜ್‌ನಲ್ಲಿ ಇಡಿ.

ಹೆಜ್ಜೆ 10: ನೀರಿಗಿಳಿಸುವ ಮುಂಚೆ

ಕರೆಂಟ್ ಅಳೆಯಲು ಸಾಮಾನ್ಯ ಮಲ್ಟಿಮೀಟರ್ ಸಾಲದು. ಮೈಕ್ರೊಆಂಪ್ ರೇಂಜ್‌ನಲ್ಲಿಟ್ಟರೆ ಬಜರ್ ಬಾರಿಸಿದಾಗ ಮೀಟರೇ ವೋಲ್ಟೇಜ್ ನುಂಗಿ ರಿಸೆಟ್ ಮಾಡಿಸುತ್ತದೆ. ನಾರ್ಡಿಕ್‌ನ 'ಪವರ್ ಪ್ರೊಫೈಲರ್ ಕಿಟ್ 2' ಅನ್ನುವ ಮೀಟರ್ ಮೈಕ್ರೊಆಂಪ್‌ಗೂ ಕೆಳಗಿನಿಂದ 1 ಆಂಪ್‌ವರೆಗೆ ಒಂದೇ ಗೆರೆಯಲ್ಲಿ ತೋರಿಸುತ್ತದೆ. ಒಂದು ರಾತ್ರಿ ಹಚ್ಚಿಟ್ಟು ಬೆಳಗ್ಗೆ ನೋಡಿ. ನಿದ್ದೆಯಲ್ಲಿ ಯಾರು ಏಳುತ್ತಿದ್ದಾರೆ ಅಂತ ತಿಳಿಯುತ್ತದೆ.

ಒತ್ತಡಕ್ಕೆ ಮನೆಯ ನೀರಿನ ಫಿಲ್ಟರ್‌ನ ದಪ್ಪ ಹೊರಕವಚ ಸಾಕು. ಕಂಪ್ಯೂಟರ್ ಒಳಗಿಟ್ಟು ಕಂಠಪೂರ್ತಿ ನೀರು ತುಂಬಿ. ಗಾಳಿ ಉಳಿದರೆ ಒಡೆದಾಗ ಬಾಂಬ್ ಆಗುತ್ತದೆ, ನೀರಷ್ಟೇ ಇದ್ದರೆ ಪಿಚಕಾರಿ. ಕಾಲುಪಂಪ್‌ನಿಂದ 4 ಬಾರ್‌ವರೆಗೆ ಒತ್ತಿ, ಕವಚದ ಮೇಲೆ ಬರೆದ ಮಿತಿಯ ಅರ್ಧ ದಾಟಬೇಡಿ, ಕನ್ನಡಕ ಹಾಕಿಕೊಳ್ಳಿ. ಮೊದಲ ಸಲ ಸೆಲ್ ಇಲ್ಲದೆ, ಒಳಗೆ ಟಿಶ್ಯೂ ಪೇಪರ್ ಇಟ್ಟು ಮಾಡಿ. ಒದ್ದೆಯಾದರೆ ಪೇಪರ್ ಹೇಳುತ್ತದೆ.

ಪ್ರವಾಸಕ್ಕೆ ಹೊರಟರೆ ಬಿಡಿ ಲಿಥಿಯಂ ಸೆಲ್‌ಗಳು ವಿಮಾನದಲ್ಲಿ ಕೈಚೀಲಕ್ಕೇ ಬರಬೇಕು, ಒಂದಕ್ಕೊಂದು ತಾಗದ ಹಾಗೆ.

ತೆಗೆದ ಹಳೆಯ ಸೆಲ್‌ಗಳನ್ನು ಮೇಜಿನ ಮೇಲೆ ಬಿಡಬೇಡಿ. ಅವು ಬಜರ್‌ಗೆ ಸಾಲದಿರಬಹುದು, ಮಗುವಿನ ಗಂಟಲಿಗೆ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುವಷ್ಟು ಅವುಗಳಲ್ಲಿ ಉಳಿದಿರುತ್ತದೆ. ತೆಗೆದ ಕೂಡಲೇ ಎರಡೂ ಬದಿಗೆ ಟೇಪ್ ಸುತ್ತಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಮೇಲಿನ ಕಪಾಟಿನಲ್ಲಿಡಿ, ತುಂಬಿದ ಮೇಲೆ ಇ-ತ್ಯಾಜ್ಯದವರಿಗೆ ಕೊಡಿ. ನನ್ನ ಡಬ್ಬದಲ್ಲಿ ಸದ್ಯ 23 ಇವೆ, ನೇತ್ರಾಣಿಯ ಆ 38 ಓಮ್‌ನದ್ದೂ ಸೇರಿ.